ಎನ್‌ಕೆ ಕೋಶಗಳ ರಕ್ತಪರೀಕ್ಷೆಯ ವರದಿಯನ್ನು ಓದುವ ಕ್ರಮ

ಹಸುಗೂಸಿಗೆ ಮೇಲಿಂದ ಮೇಲೆ ನ್ಯುಮೋನಿಯಾ ಬಂದಾಗ, ಜ್ವರ ವಾರಗಟ್ಟಲೆ ಇಳಿಯದೆ ಗುಲ್ಮ ಊದಿಕೊಂಡಾಗ, ಅಥವಾ ಗರ್ಭ ಪದೇ ಪದೇ ನಿಲ್ಲದೆ ಹೋದಾಗ ವೈದ್ಯರು ಬರೆದುಕೊಡುವ ಪರೀಕ್ಷೆಗಳ ಪಟ್ಟಿಯಲ್ಲಿ ‘ಎನ್‌ಕೆ ಸೆಲ್’ (ರೋಗನಿರೋಧಕ ವ್ಯವಸ್ಥೆಯ ಒಂದು ಬಗೆಯ ಬಿಳಿ ರಕ್ತಕಣ) ಎಂಬ ಸಾಲು ಕಾಣಿಸಿಕೊಳ್ಳುವುದುಂಟು. ವರದಿ ಕೈಗೆ ಬಂದಾಗ ಅದರಲ್ಲಿ ಒಂದು ಶೇಕಡಾವಾರು ಅಂಕಿ, ಅದರ ಪಕ್ಕದಲ್ಲಿ ಪ್ರಯೋಗಾಲಯವು ಕೊಟ್ಟ ಮಿತಿ, ಕೆಲವೊಮ್ಮೆ ‘ಲೋ’ ಅಥವಾ ‘ಹೈ’ ಎಂಬ ಗುರುತು ಇರುತ್ತದೆ. ಆ ಗುರುತನ್ನು ನೋಡಿದ ಕೂಡಲೇ ಮನೆಯವರು ‘ರೋಗನಿರೋಧಕ ಶಕ್ತಿ ಕಡಿಮೆ ಇದೆ’ ಅಥವಾ ‘ಅತಿಯಾಗಿದೆ’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಎನ್‌ಕೆ ಕೋಶಗಳ ವಿಷಯದಲ್ಲಿ ಈ ಅವಸರದ ತೀರ್ಮಾನ ಬಹಳ ಸಲ ತಪ್ಪಾಗಿರುತ್ತದೆ. ಎಷ್ಟು ಕೋಶಗಳಿವೆ ಎಂಬುದು ಒಂದು ಪ್ರಶ್ನೆ, ಇರುವ ಕೋಶಗಳು ಕೆಲಸ ಮಾಡಬಲ್ಲವೇ ಎಂಬುದು ಇನ್ನೊಂದು. ಈ ಎರಡಕ್ಕೂ ಪರೀಕ್ಷೆಗಳೇ ಬೇರೆ, ಉತ್ತರಗಳೂ ಬೇರೆ.

ವರದಿಯನ್ನು ಯಾವ ಕ್ರಮದಲ್ಲಿ ಓದಬೇಕು, ಎಲ್ಲಿ ನಿಲ್ಲಬೇಕು, ವೈದ್ಯರನ್ನು ಏನು ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಜೀವವಿಜ್ಞಾನದ ಮತ್ತು ನರ್ಸಿಂಗ್‌ನ ವಿದ್ಯಾರ್ಥಿಗಳಿಗೂ, ವರದಿಯನ್ನು ಕೈಯಲ್ಲಿ ಹಿಡಿದು ಕುಳಿತ ಕುಟುಂಬಗಳಿಗೂ ಇದು ನೆರವಾಗಲಿ ಎಂಬುದು ನನ್ನ ಉದ್ದೇಶ. ರೋಗನಿರ್ಣಯ ಮಾಡುವುದು ವೈದ್ಯರ ಕೆಲಸ. ಆದರೆ ಅವರು ಹೇಳುವುದನ್ನು ಅರ್ಥಮಾಡಿಕೊಳ್ಳುವ ಮತ್ತು ಅನುಮಾನವಿದ್ದಲ್ಲಿ ಪ್ರಶ್ನಿಸುವ ಹಕ್ಕು ಎಲ್ಲರಿಗೂ ಇದೆ.

ಮೊದಲು ಕೋಶದ ಕೆಲಸವನ್ನು ತಿಳಿಯಿರಿ

ವರದಿಯ ಅಂಕಿಗೆ ಅರ್ಥ ಬರುವುದು ಕೋಶ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿದ್ದಾಗ ಮಾತ್ರ. ಆದ್ದರಿಂದ ಈ ಭಾಗವನ್ನು ದಾಟಿ ಮುಂದೆ ಹೋಗಬೇಡಿ ಎಂದು ಕೇಳಿಕೊಳ್ಳುತ್ತೇನೆ.

ನ್ಯಾಚುರಲ್ ಕಿಲ್ಲರ್ ಕೋಶಗಳು, ಅಂದರೆ ಎನ್‌ಕೆ ಕೋಶಗಳು, ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಗುಂಪಿಗೆ ಸೇರಿದವು. ಇದೇ ಗುಂಪಿನಲ್ಲಿ ಟಿ ಕೋಶಗಳೂ ಬಿ ಕೋಶಗಳೂ ಇವೆ. ವಯಸ್ಕರ ರಕ್ತದಲ್ಲಿ ಓಡಾಡುವ ಲಿಂಫೋಸೈಟ್‌ಗಳಲ್ಲಿ ಸುಮಾರು 5ರಿಂದ 15 ಪ್ರತಿಶತ ಎನ್‌ಕೆ ಕೋಶಗಳಿರುತ್ತವೆ. 1975ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರಾಲ್ಫ್ ಕೀಸ್ಲಿಂಗ್, ಇವಾ ಕ್ಲೈನ್ ಮತ್ತು ಹಾನ್ಸ್ ವಿಗ್ಸೆಲ್ ಅವರೂ, ಅದೇ ಕಾಲಕ್ಕೆ ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್ಮನ್ ಅವರ ತಂಡವೂ ಇಲಿಗಳಲ್ಲಿ ಇವುಗಳನ್ನು ಗುರುತಿಸಿದರು. ಹಿಂದೆಂದೂ ಆ ಗಡ್ಡೆಯ ಪರಿಚಯವಿಲ್ಲದ ಇಲಿಯ ಕೋಶಗಳು ಸಹ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತಿದ್ದುದು ಅವರ ಗಮನ ಸೆಳೆಯಿತು. ಟಿ ಮತ್ತು ಬಿ ಕೋಶಗಳು ತಮ್ಮ ಜೀನುಗಳ ತುಂಡುಗಳನ್ನು ಕತ್ತರಿಸಿ ಜೋಡಿಸಿಕೊಂಡು, ಒಂದೊಂದು ಕೋಶವೂ ತನ್ನದೇ ಆದ ಗ್ರಾಹಕವನ್ನು, ಅಂದರೆ ಗುರುತು ಹಿಡಿಯುವ ಪ್ರೋಟೀನನ್ನು, ಕಟ್ಟಿಕೊಳ್ಳುತ್ತದೆ. ಎನ್‌ಕೆ ಕೋಶ ಹಾಗೆ ಮಾಡುವುದಿಲ್ಲ. ಹುಟ್ಟಿನಿಂದ ಬಂದ ಜೀನುಗಳು ಕೊಡುವ ಹಲವಾರು ಬಗೆಯ ಗ್ರಾಹಕಗಳನ್ನೇ ಅದು ಬಳಸುತ್ತದೆ. ಈ ವ್ಯತ್ಯಾಸವನ್ನು ನೆನಪಿಡಿ, ಮಕ್ಕಳ ವರದಿಯನ್ನು ಓದುವಾಗ ಇದು ಮತ್ತೆ ಬೇಕಾಗುತ್ತದೆ.

ಹಾಗಾದರೆ ಯಾವ ಕೋಶವನ್ನು ಕೊಲ್ಲಬೇಕು, ಯಾವುದನ್ನು ಬಿಡಬೇಕು ಎಂಬುದು ಅದಕ್ಕೆ ಹೇಗೆ ತಿಳಿಯುತ್ತದೆ? ಕ್ಲಾಸ್ ಕೆರೆ ಮತ್ತು ಅವರ ಸಹೋದ್ಯೋಗಿಗಳು 1986ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ದಾರಿ ತೋರಿಸಿತು. ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳೂ ತಮ್ಮ ಮೈಮೇಲೆ ಎಚ್‌ಎಲ್‌ಎ ಒಂದನೇ ವರ್ಗದ ಪ್ರೋಟೀನುಗಳನ್ನು ಹೊತ್ತಿರುತ್ತವೆ. ಇಲಿಗಳಲ್ಲಿ ಇದಕ್ಕೆ ಸಮನಾದ ಪ್ರೋಟೀನು ಇದೆ. ಈ ಪ್ರೋಟೀನನ್ನು ಕಳೆದುಕೊಂಡ ಗಡ್ಡೆಯ ಕೋಶಗಳನ್ನು ಇಲಿಯ ಎನ್‌ಕೆ ಕೋಶಗಳು ನಾಶಮಾಡಿದವು, ಅದನ್ನು ಉಳಿಸಿಕೊಂಡಿದ್ದ ಅದೇ ಗಡ್ಡೆಯ ಕೋಶಗಳು ಬೆಳೆದವು. ಅಂದರೆ ಎನ್‌ಕೆ ಕೋಶ ಶತ್ರುವಿನ ಗುರುತನ್ನಷ್ಟೇ ಹುಡುಕುವುದಿಲ್ಲ, ಸ್ವಂತದ ಗುರುತು ಎಲ್ಲಿ ಇಲ್ಲವಾಗಿದೆ ಎಂಬುದನ್ನೂ ನೋಡುತ್ತದೆ. ಇದರ ಪ್ರಯೋಜನ ದೊಡ್ಡದು. ಸೈಟೋಮೆಗಾಲೋವೈರಸ್‌ನಂಥ ವೈರಸ್‌ಗಳು ಟಿ ಕೋಶಗಳ ಕಣ್ಣು ತಪ್ಪಿಸಲು ತಾವು ಹೊಕ್ಕ ಕೋಶದ ಎಚ್‌ಎಲ್‌ಎಯನ್ನು ಮೈಮೇಲಿನಿಂದ ಇಳಿಸಿಬಿಡುತ್ತವೆ. ಟಿ ಕೋಶಕ್ಕೆ ಕಾಣದಂತೆ ಮಾಡಿಕೊಂಡ ಅದೇ ಉಪಾಯ ಆ ಕೋಶವನ್ನು ಎನ್‌ಕೆ ಕೋಶದ ಎದುರಿಗೆ ತಂದು ನಿಲ್ಲಿಸುತ್ತದೆ.

ಆದರೆ ಗುರುತು ಇಲ್ಲದಿದ್ದರೆ ಸಾಕು, ಸಾವು ಖಚಿತ ಎಂದೇನೂ ಇಲ್ಲ. ಕೆಂಪು ರಕ್ತಕಣಗಳಲ್ಲಿ ಎಚ್‌ಎಲ್‌ಎ ಇಲ್ಲವೆನ್ನುವಷ್ಟು ಕಡಿಮೆ, ಆದರೂ ಎನ್‌ಕೆ ಕೋಶಗಳು ಅವುಗಳನ್ನು ಮುಟ್ಟುವುದಿಲ್ಲ, ಏಕೆಂದರೆ ಕೆರಳಿಸುವ ಗುರುತೂ ಅವುಗಳ ಮೇಲೆ ಇಲ್ಲ. ಎನ್‌ಕೆ ಕೋಶದ ನಿರ್ಧಾರವನ್ನು ತಕ್ಕಡಿಯ ಎರಡು ತಟ್ಟೆಗಳಂತೆ ತಿಳಿದರೆ ಸುಲಭ. ಒಂದು ತಟ್ಟೆಯಲ್ಲಿ ತಡೆಯುವ ಗ್ರಾಹಕಗಳಿವೆ: ಎಚ್‌ಎಲ್‌ಎ-ಸಿ ಮುಂತಾದವನ್ನು ಗುರುತಿಸುವ ಕೆಐಆರ್ ಕುಟುಂಬದ ಗ್ರಾಹಕಗಳು ಮತ್ತು ಎಚ್‌ಎಲ್‌ಎ-ಇಯನ್ನು ಗುರುತಿಸುವ ಎನ್‌ಕೆಜಿ2ಎ. ಇವು ತಮ್ಮ ಗುರುತನ್ನು ಹಿಡಿದಾಗ ಎಸ್‌ಎಚ್‌ಪಿ-1 ಎಂಬ ಕಿಣ್ವವನ್ನು ಕರೆತಂದು, ಕೆರಳಿಸುವ ಸಂಕೇತವು ಜೋಡಿಸಿದ ಫಾಸ್ಫೇಟ್‌ಗಳನ್ನು ಕಿತ್ತುಹಾಕುತ್ತವೆ. ಇನ್ನೊಂದು ತಟ್ಟೆಯಲ್ಲಿ ಕೆರಳಿಸುವ ಗ್ರಾಹಕಗಳಿವೆ. ಅವುಗಳಲ್ಲಿ ಎನ್‌ಕೆಜಿ2ಡಿ ಎಂಬುದು, ಸೋಂಕು ಅಥವಾ ಡಿಎನ್‌ಎ ಹಾನಿಯಿಂದ ಬಳಲುವ ಕೋಶಗಳು ಮೈಮೇಲೆ ತೋರಿಸುವ ಎಂಐಸಿಎ, ಎಂಐಸಿಬಿ ಪ್ರೋಟೀನುಗಳನ್ನು ಹಿಡಿಯುತ್ತದೆ. ಸಿಡಿ16 ಎಂಬುದು ಆಂಟಿಬಾಡಿ ಅಂಟಿಕೊಂಡ ಕೋಶವನ್ನು ಹಿಡಿಯುತ್ತದೆ; ರಿಟುಕ್ಸಿಮ್ಯಾಬ್, ಟ್ರಾಸ್ಟುಜುಮ್ಯಾಬ್ ಮುಂತಾದ ಕ್ಯಾನ್ಸರ್ ಔಷಧಿಗಳ ಪರಿಣಾಮದಲ್ಲಿ ಒಂದು ಪಾಲು ಈ ಸಿಡಿ16ರ ಮೂಲಕವೇ ಬರುತ್ತದೆ. ಬೆಳೆಯುವ ಹಂತದಲ್ಲಿ ಸ್ವಂತದ ಎಚ್‌ಎಲ್‌ಎಯನ್ನು ಹಿಡಿಯಬಲ್ಲ ತಡೆ ಗ್ರಾಹಕವೊಂದೂ ದೊರೆಯದ ಎನ್‌ಕೆ ಕೋಶ ಮಂಕಾಗಿಯೇ ಉಳಿಯುತ್ತದೆ ಎಂಬುದೂ ಗೊತ್ತಾಗಿದೆ. ರಕ್ತದಲ್ಲಿ ಎಣಿಕೆಗೆ ಸಿಕ್ಕಿದ ಪ್ರತಿಯೊಂದು ಕೋಶವೂ ಸಮಾನ ಸಾಮರ್ಥ್ಯದ್ದಲ್ಲ.

ಕೊಲ್ಲುವ ಕ್ರಿಯೆ ನಡೆಯುವುದು ಹೀಗೆ. ಎನ್‌ಕೆ ಕೋಶ ಮೊದಲು ಗುರಿಕೋಶಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಂಕೇತಗಳ ಮೊತ್ತ ಕೆರಳುವ ಕಡೆಗೆ ವಾಲಿದರೆ, ಅದರೊಳಗೆ ಮೊದಲೇ ಸಿದ್ಧವಾಗಿರುವ ಕಣಿಕೆಗಳು ಒಂದೆಡೆ ಸೇರಿ, ಕೋಶದೊಳಗಿನ ಸೂಕ್ಷ್ಮ ನಾಳಗಳ ಹಳಿಯ ಮೇಲೆ ಸಾಗಿ, ಅಂಟಿಕೊಂಡ ಜಾಗಕ್ಕೆ ಬರುತ್ತವೆ. ಅಲ್ಲಿ ಕಣಿಕೆಯ ಪೊರೆ ಕೋಶದ ಹೊರಪೊರೆಯೊಂದಿಗೆ ಬೆರೆತು, ಒಳಗಿದ್ದದ್ದು ಎರಡು ಕೋಶಗಳ ನಡುವಿನ ಇಕ್ಕಟ್ಟಾದ ಸಂದಿಗೆ ಸುರಿಯುತ್ತದೆ. ಅದರಲ್ಲಿರುವ ಪರ್ಫೋರಿನ್ ಗುರಿಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತದೆ, ಗ್ರಾಂಜೈಮ್‌ಗಳು ಒಳಹೊಕ್ಕು ಆ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವ ಪ್ರಕ್ರಿಯೆಯನ್ನು ಆರಂಭಿಸುತ್ತವೆ. ಕೆಲಸ ಮುಗಿದ ಮೇಲೆ ಎನ್‌ಕೆ ಕೋಶ ಬಿಡಿಸಿಕೊಂಡು ಮುಂದಿನ ಗುರಿಯತ್ತ ಹೋಗುತ್ತದೆ. ಇದರ ಜೊತೆಗೆ ಅದು ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕವನ್ನೂ ಬಿಡುಗಡೆ ಮಾಡಿ ಮ್ಯಾಕ್ರೋಫೇಜ್‌ಗಳನ್ನು, ಅಂದರೆ ನುಂಗುವ ಕೋಶಗಳನ್ನು, ಎಚ್ಚರಿಸುತ್ತದೆ. ಈ ಸರಣಿಯ ಯಾವ ಕೊಂಡಿ ಕಳಚಿದರೂ ಕೋಶಗಳ ಸಂಖ್ಯೆ ಸರಿಯಾಗಿಯೇ ಕಾಣಬಹುದು, ಕೆಲಸ ಮಾತ್ರ ನಡೆಯುವುದಿಲ್ಲ.

ರಕ್ತ ಕೊಡುವ ಮೊದಲು

ಎಣಿಕೆಯ ಪರೀಕ್ಷೆಗೆ ಸಾಮಾನ್ಯವಾಗಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲಿ ರಕ್ತ ತೆಗೆಯುತ್ತಾರೆ. ಸಾಮರ್ಥ್ಯದ ಪರೀಕ್ಷೆಗೆ ಕೋಶಗಳು ಜೀವಂತವಾಗಿರಬೇಕು, ಆದ್ದರಿಂದ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಕಾಗುತ್ತದೆ. ಆ ರಕ್ತವನ್ನು ಫ್ರಿಜ್‌ನಲ್ಲಿ ಇಡದೆ, ಕೋಣೆಯ ಉಷ್ಣಾಂಶದಲ್ಲಿ, ಸಾಧ್ಯವಾದರೆ ಒಂದು ದಿನದೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಇಂಥ ಪರೀಕ್ಷೆ ಮಾಡುವ ಕೇಂದ್ರಗಳು ನಮ್ಮ ದೇಶದಲ್ಲಿ ಕೆಲವೇ ಇವೆ. ಮುಂಬೈನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೋಹಿಮಟಾಲಜಿ ಸಂಸ್ಥೆ ಅವುಗಳಲ್ಲಿ ಒಂದು. ಕಲಬುರಗಿಯಿಂದಲೋ ಶಿವಮೊಗ್ಗದಿಂದಲೋ ರಕ್ತದ ಮಾದರಿ ದೂರದ ಊರಿಗೆ ಹೋಗಬೇಕಾದಾಗ ಶನಿವಾರ ರಕ್ತ ತೆಗೆಸಿ ಸೋಮವಾರ ತಲುಪುವಂತೆ ಮಾಡಿದರೆ, ಬರುವ ‘ಸಾಮರ್ಥ್ಯ ಕಡಿಮೆ’ ಎಂಬ ಉತ್ತರ ದಾರಿಯಲ್ಲಿ ಸೊರಗಿದ ಕೋಶಗಳ ಉತ್ತರವಾಗಿರಬಹುದು. ಯಾವ ದಿನ, ಯಾವ ಹೊತ್ತಿಗೆ ತಲುಪಬೇಕು ಎಂಬುದನ್ನು ಪ್ರಯೋಗಾಲಯಕ್ಕೆ ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ.

ರಕ್ತ ತೆಗೆಸುವ ಮುನ್ನ ಓಡಿ ಬರಬೇಡಿ, ಮೆಟ್ಟಿಲು ಹತ್ತಿದ ಕೂಡಲೇ ಕೈ ಚಾಚಬೇಡಿ. ದೇಹ ದಣಿದಾಗ ಅಥವಾ ಮನಸ್ಸು ಗಾಬರಿಗೊಂಡಾಗ ಅಡ್ರಿನಲಿನ್ ಪ್ರಭಾವದಿಂದ ರಕ್ತನಾಳಗಳ ಗೋಡೆಗೆ ಒರಗಿದ್ದ ಎನ್‌ಕೆ ಕೋಶಗಳು ರಕ್ತದ ಹರಿವಿಗೆ ಬಂದುಬಿಡುತ್ತವೆ. ಬಿರುಸಾದ ವ್ಯಾಯಾಮದ ಕೆಲವೇ ನಿಮಿಷಗಳಲ್ಲಿ ಅವುಗಳ ಸಂಖ್ಯೆ ಹಲವು ಪಟ್ಟು ಏರಿ, ನಂತರದ ಒಂದೆರಡು ಗಂಟೆಗಳಲ್ಲಿ ಮೊದಲಿಗಿಂತಲೂ ಕೆಳಗಿಳಿಯಬಲ್ಲದು. ತೆಗೆದುಕೊಳ್ಳುತ್ತಿರುವ ಔಷಧಿಗಳನ್ನೆಲ್ಲ ಚೀಟಿಯಲ್ಲಿ ಬರೆಯಿಸಿ. ಸ್ಟೀರಾಯ್ಡ್‌ಗಳು ಎನ್‌ಕೆ ಕೋಶಗಳ ಸಾಮರ್ಥ್ಯವನ್ನು ತಗ್ಗಿಸುತ್ತವೆ. ಪರೀಕ್ಷೆಗಾಗಿ ಅವುಗಳನ್ನು ನೀವಾಗಿಯೇ ನಿಲ್ಲಿಸುವುದು ಮಾತ್ರ ಅಪಾಯಕಾರಿ.

ಎಣಿಕೆಯ ವರದಿಯನ್ನು ಓದುವುದು

ಫ್ಲೋ ಸೈಟೋಮೆಟ್ರಿ ಯಂತ್ರ ಕೋಶಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಮೈಮೇಲಿನ ಗುರುತುಗಳಿಗೆ ತಕ್ಕಂತೆ ಅವುಗಳನ್ನು ವಿಂಗಡಿಸುತ್ತದೆ. ವರದಿಯಲ್ಲಿ ಸಿಡಿ3 ಇರುವ ಸಾಲು ಟಿ ಕೋಶಗಳದ್ದು, ಸಿಡಿ19 ಇರುವುದು ಬಿ ಕೋಶಗಳದ್ದು. ಎನ್‌ಕೆ ಕೋಶಗಳ ಸಾಲಿನಲ್ಲಿ ‘ಸಿಡಿ3 ನೆಗೆಟಿವ್, ಸಿಡಿ16/56 ಪಾಸಿಟಿವ್’ ಎಂದಿರಬೇಕು. ‘ಸಿಡಿ3 ಪಾಸಿಟಿವ್, ಸಿಡಿ56 ಪಾಸಿಟಿವ್’ ಎಂದು ಬರೆದಿದ್ದರೆ ಅವು ಎನ್‌ಕೆ ಕೋಶಗಳಲ್ಲ, ಸಿಡಿ56 ಹೊತ್ತ ಟಿ ಕೋಶಗಳು. ಈ ಎರಡು ಸಾಲುಗಳನ್ನು ಅದಲುಬದಲು ಮಾಡಿಕೊಂಡು ಓದುವವರು ಕಡಿಮೆಯೇನಲ್ಲ.

ಮುಂದೆ, ಟಿ, ಬಿ ಮತ್ತು ಎನ್‌ಕೆ ಈ ಮೂರರ ಶೇಕಡಾವಾರನ್ನು ಕೂಡಿಸಿ ನೋಡಿ. ಲಿಂಫೋಸೈಟ್‌ಗಳೆಂದರೆ ಬಹುಮಟ್ಟಿಗೆ ಈ ಮೂರೇ ಆದ್ದರಿಂದ ಮೊತ್ತ 95ರಿಂದ 105ರೊಳಗೆ ಬರಬೇಕು. 85ಕ್ಕೆ ನಿಂತಿದ್ದರೆ ಬೇರೆ ಕೋಶಗಳು ಲೆಕ್ಕದಲ್ಲಿ ಬೆರೆತಿರಬಹುದು ಅಥವಾ ಯಾವುದೋ ಒಂದು ಗುರುತು ಸರಿಯಾಗಿ ಹಿಡಿದಿರಲಿಕ್ಕಿಲ್ಲ. ಅಂಥ ವರದಿಯ ಮೇಲೆ ತೀರ್ಮಾನ ಕೈಗೊಳ್ಳುವ ಮೊದಲು ಪ್ರಯೋಗಾಲಯವನ್ನು ವಿಚಾರಿಸುವುದು ಒಳ್ಳೆಯದು. ಎರಡು ನಿಮಿಷದ ಕೂಡಿಸುವ ಲೆಕ್ಕ ಇದು; ದಯವಿಟ್ಟು ಬಿಡಬೇಡಿ.

ಮೂರನೆಯದಾಗಿ, ಶೇಕಡಾವಾರನ್ನು ಬದಿಗಿಟ್ಟು ನಿಜವಾದ ಸಂಖ್ಯೆಯನ್ನು ನೋಡಬೇಕು. ಒಬ್ಬರ ಬಿಳಿ ರಕ್ತಕಣಗಳು ಪ್ರತಿ ಮೈಕ್ರೋಲೀಟರ್‌ಗೆ 6,000, ಅದರಲ್ಲಿ ಲಿಂಫೋಸೈಟ್ 30 ಪ್ರತಿಶತ, ಅಂದರೆ 1,800. ಎನ್‌ಕೆ 12 ಪ್ರತಿಶತವಾದರೆ 216 ಕೋಶಗಳಾದವು. ಇನ್ನೊಬ್ಬರ ಬಿಳಿ ರಕ್ತಕಣಗಳೂ 6,000, ಆದರೆ ಲಿಂಫೋಸೈಟ್ 10 ಪ್ರತಿಶತ ಮಾತ್ರ, ಅಂದರೆ 600. ಎನ್‌ಕೆ 24 ಪ್ರತಿಶತ ಎಂದು ವರದಿಯಲ್ಲಿ ‘ಹೈ’ ಗುರುತು ಬಿದ್ದಿದೆ. ಸಂಖ್ಯೆ ಮಾತ್ರ 144. ಶೇಕಡಾವಾರು ಇಮ್ಮಡಿಯಾದವರಲ್ಲಿ ಕೋಶಗಳು ಕಡಿಮೆ ಇವೆ, ಅವರಲ್ಲಿ ನಿಜವಾಗಿ ಇಳಿದಿರುವುದು ಟಿ ಅಥವಾ ಬಿ ಕೋಶಗಳು. ವರದಿಯಲ್ಲಿ ಸಂಖ್ಯೆ ಕೊಟ್ಟಿಲ್ಲದಿದ್ದರೆ ಅದೇ ದಿನದ ಸಿಬಿಸಿ (ರಕ್ತಕಣಗಳ ಸಾಮಾನ್ಯ ಎಣಿಕೆ) ವರದಿಯನ್ನು ಹಿಡಿದು ಹೀಗೆ ಲೆಕ್ಕ ಮಾಡಿಕೊಳ್ಳಬಹುದು. ಹೋಲಿಸುವಾಗ ಆ ಪ್ರಯೋಗಾಲಯವೇ ಮುದ್ರಿಸಿದ, ವಯಸ್ಸಿಗೆ ಹೊಂದುವ ಮಿತಿಯನ್ನೇ ಬಳಸಿ. ಹಸುಗೂಸಿನ ಲಿಂಫೋಸೈಟ್ ಸಂಖ್ಯೆ ದೊಡ್ಡವರದಕ್ಕಿಂತ ಬಹಳ ಹೆಚ್ಚಿರುತ್ತದೆ, ಹೀಗಾಗಿ ದೊಡ್ಡವರ ಮಿತಿಯನ್ನು ಮಗುವಿಗೆ ಹಚ್ಚಿದರೆ ಗಂಭೀರ ಕೊರತೆಯೂ ‘ನಾರ್ಮಲ್’ ಎಂದು ದಾಟಿಹೋಗುತ್ತದೆ.

ವಯಸ್ಕರಲ್ಲಿ ಸಂಖ್ಯೆ ಮಿತಿಗಿಂತ ಸ್ವಲ್ಪ ಆಚೀಚೆ ಇದ್ದು, ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡುವುದೇ ಸರಿಯಾದ ಮುಂದಿನ ಹೆಜ್ಜೆ. ಹರ್ಪಿಸ್, ಸಿಡುಬಿನಂತೆ ಬೊಬ್ಬೆಯೇಳುವ ಚಿಕನ್ ಪಾಕ್ಸ್, ಅಥವಾ ಎಚ್‌ಪಿವಿಯಿಂದ ಬರುವ ನರೂಲಿಗಳು ಅಸಹಜವಾದ ತೀವ್ರತೆಯಲ್ಲಿ ಮರುಕಳಿಸುತ್ತಿದ್ದು, ಎನ್‌ಕೆ ಕೋಶಗಳೂ ಸತತವಾಗಿ ಇಲ್ಲವೆನ್ನುವಂತಿದ್ದರೆ ಆಗ ಇಮ್ಯುನಾಲಜಿ ತಜ್ಞರನ್ನು ಕಾಣಲೇಬೇಕು. ಜಿಎಟಿಎ2 ಮುಂತಾದ ಜೀನುಗಳ ದೋಷ ಹೀಗೆ ಹೊರಬರುತ್ತದೆ. ಇದಕ್ಕೆ ವಿರುದ್ಧವಾಗಿ ಸಂಖ್ಯೆ 2,000 ದಾಟಿ ಆರು ತಿಂಗಳಾದರೂ ಇಳಿಯದಿದ್ದರೆ ರಕ್ತರೋಗ ತಜ್ಞರು ನೋಡಬೇಕಾದ ವಿಷಯ.

ಎಣಿಕೆಯ ಅಂಕಿಯನ್ನು ಹಿಡಿದು ಪುಡಿ, ಕಷಾಯ, ಮಾತ್ರೆಗಳನ್ನು ಮಾರುವವರ ಮಾತಿಗೆ ಕಿವಿಗೊಡಬೇಡಿ. ಒಂದು ಓಟದಿಂದ ಏರಿಳಿಯುವ ಸಂಖ್ಯೆಯನ್ನು ‘ಶಕ್ತಿ ಹೆಚ್ಚಿತು’ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸುವುದು ನ್ಯಾಯವಲ್ಲ.

ಗರ್ಭಪಾತದ ತಪಾಸಣೆಯಲ್ಲಿ ಇದೇ ಅಂಕಿ ಬಂದಾಗ

ಈ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನೋವಿನಲ್ಲಿರುವ ದಂಪತಿಗಳು ಇಲ್ಲಿ ದುಬಾರಿ ಚಿಕಿತ್ಸೆಗಳಿಗೆ ಒಪ್ಪಿಕೊಳ್ಳುತ್ತಾರೆ. ಮತ್ತೆ ಮತ್ತೆ ಗರ್ಭಪಾತವಾದ ಅಥವಾ ಐವಿಎಫ್ ಫಲಿಸದ ಹೆಣ್ಣುಮಕ್ಕಳ ರಕ್ತದಲ್ಲಿ ಎನ್‌ಕೆ ಶೇಕಡಾವಾರು ಹೆಚ್ಚು ಕಂಡರೆ, ‘ನಿಮ್ಮ ಕೋಶಗಳು ಭ್ರೂಣವನ್ನು ಕೊಲ್ಲುತ್ತಿವೆ’ ಎಂದು ಹೇಳಿ ಇಂಟ್ರಾಲಿಪಿಡ್, ಸ್ಟೀರಾಯ್ಡ್, ಇಮ್ಯುನೋಗ್ಲಾಬ್ಯುಲಿನ್ ಕೊಡುವ ರೂಢಿ ಹಲವು ದೇಶಗಳಲ್ಲಿದೆ.

ಗರ್ಭಕೋಶದ ಒಳಪದರದಲ್ಲಿ ಎನ್‌ಕೆ ಕೋಶಗಳಿರುವುದು ನಿಜ. ಮೊದಲ ಮೂರು ತಿಂಗಳಲ್ಲಿ ಅಲ್ಲಿನ ಬಿಳಿ ರಕ್ತಕಣಗಳಲ್ಲಿ ಸುಮಾರು 70 ಪ್ರತಿಶತದಷ್ಟು ಅವೇ ಇರುತ್ತವೆ. ಆದರೆ ಅವು ರಕ್ತದಲ್ಲಿ ಓಡಾಡುವ ಎನ್‌ಕೆ ಕೋಶಗಳಿಗಿಂತ ಬೇರೆ ಬಗೆಯವು. ರಕ್ತದಲ್ಲಿರುವ ಬಹುಪಾಲು ಕೋಶಗಳಲ್ಲಿ ಸಿಡಿ56 ಮಂದವಾಗಿದ್ದು ಸಿಡಿ16 ಇರುತ್ತದೆ, ಅವು ಕೊಲ್ಲುವುದರಲ್ಲಿ ನಿಪುಣ. ಗರ್ಭಕೋಶದವುಗಳಲ್ಲಿ ಸಿಡಿ56 ಪ್ರಖರವಾಗಿರುತ್ತದೆ, ಸಿಡಿ16 ಸಾಮಾನ್ಯವಾಗಿ ಇರುವುದಿಲ್ಲ, ಕೊಲ್ಲುವ ಪ್ರವೃತ್ತಿ ತೀರ ಕಡಿಮೆ. ತಾಯಿಯ ಸುರುಳಿ ರಕ್ತನಾಳಗಳು ಅಗಲವಾಗಿ ಭ್ರೂಣಕ್ಕೆ ಬೇಕಾದಷ್ಟು ರಕ್ತ ಹರಿಯುವಂತೆ ಮಾಡುವುದರಲ್ಲಿ ಅವು ನೆರವಾಗುತ್ತವೆ. ಕೇಂಬ್ರಿಜ್‌ನ ಆ್ಯಶ್ಲಿ ಮೊಫೆಟ್ ಅವರ ತಂಡ 2004ರಲ್ಲಿ ತೋರಿಸಿದ್ದಂತೂ ಜನಪ್ರಿಯ ನಂಬಿಕೆಗೆ ವಿರುದ್ಧವಾದದ್ದು: ತಾಯಿಯ ಕೆಐಆರ್ ಜೀನುಗಳು ಹೆಚ್ಚಾಗಿ ತಡೆಯುವ ಬಗೆಯವಾಗಿದ್ದು, ಭ್ರೂಣದಲ್ಲಿ ಎಚ್‌ಎಲ್‌ಎ-ಸಿಯ ಒಂದು ನಿರ್ದಿಷ್ಟ ಬಗೆ ಇದ್ದಾಗ ಗರ್ಭಿಣಿಯ ರಕ್ತದೊತ್ತಡ ಏರುವ ಪ್ರಿ-ಎಕ್ಲಾಂಪ್ಸಿಯಾದ ಸಂಭವ ಹೆಚ್ಚಿತ್ತು. ಅಂದರೆ ಎನ್‌ಕೆ ಕೋಶಗಳು ಸಾಕಷ್ಟು ಕೆರಳದಿರುವುದೂ ಗರ್ಭಕ್ಕೆ ತೊಡಕಾಗಬಲ್ಲದು.

ಆದ್ದರಿಂದ ತೋಳಿನಿಂದ ತೆಗೆದ ರಕ್ತದ ಎನ್‌ಕೆ ಅಂಕಿಯನ್ನು ಗರ್ಭಕೋಶದ ಸ್ಥಿತಿಯೆಂದು ಓದಲಾಗದು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘವಾದ ಎಶ್ರೆ 2022ರಲ್ಲಿ ಪರಿಷ್ಕರಿಸಿದ ತನ್ನ ಮಾರ್ಗಸೂಚಿಯಲ್ಲಿ, ಮರುಕಳಿಸುವ ಗರ್ಭಪಾತದಲ್ಲಿ ರಕ್ತದ್ದಾಗಲಿ ಗರ್ಭಕೋಶದ ಒಳಪದರದ್ದಾಗಲಿ ಎನ್‌ಕೆ ಪರೀಕ್ಷೆಯನ್ನು ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲ ಎಂದಿದೆ. ಇಂಥ ವರದಿ ಕೈಯಲ್ಲಿದ್ದರೆ ವೈದ್ಯರನ್ನು ಹೀಗೆ ಕೇಳಿ: ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿಗಳ ಪರೀಕ್ಷೆ ಆಗಿದೆಯೇ? ಥೈರಾಯ್ಡ್ ನೋಡಿದ್ದಾರೆಯೇ? ಗರ್ಭಕೋಶದ ಆಕಾರವನ್ನು ಸ್ಕ್ಯಾನ್ ಮಾಡಿ ಪರಿಶೀಲಿಸಿದ್ದಾರೆಯೇ? ಆಧಾರವಿರುವ ಈ ತಪಾಸಣೆಗಳು ಮುಗಿಯುವ ಮುನ್ನ ಎನ್‌ಕೆ ಕೋಶಗಳನ್ನು ಅಡಗಿಸುವ ಚಿಕಿತ್ಸೆಗೆ ಕೈಹಾಕಬೇಡಿ ಎಂಬುದು ನನ್ನ ದೃಢ ಅಭಿಪ್ರಾಯ.

ಹಸುಗೂಸಿನ ವರದಿ: ಮೂರೂ ಸಾಲುಗಳನ್ನು ಒಟ್ಟಿಗೆ ಓದಿ

ಎನ್‌ಕೆ ಎಣಿಕೆಯ ನಿಜವಾದ ಬೆಲೆ ತಿಳಿಯುವುದು ಇಲ್ಲಿ. ಹುಟ್ಟಿನಿಂದಲೇ ಟಿ ಕೋಶಗಳಿಲ್ಲದ ತೀವ್ರ ಸಂಯುಕ್ತ ರೋಗನಿರೋಧಕ ಕೊರತೆ, ಅಂದರೆ ‘ಸಿಡ್’ ಎಂಬ ಕಾಯಿಲೆಯಲ್ಲಿ, ದೋಷ ಯಾವ ಜೀನಿನಲ್ಲಿರಬಹುದು ಎಂಬುದರ ಮೊದಲ ಸುಳಿವನ್ನು ಎನ್‌ಕೆ ಸಾಲು ಕೊಡುತ್ತದೆ. ಸಿಬಿಸಿಯಲ್ಲಿ ಹಸುಗೂಸಿನ ಒಟ್ಟು ಲಿಂಫೋಸೈಟ್ ಸಂಖ್ಯೆ 3,000ಕ್ಕಿಂತ ಕೆಳಗಿದ್ದರೆ ಅದನ್ನು ಕಡೆಗಣಿಸದೆ ಈ ವಿಂಗಡಣೆಯ ಪರೀಕ್ಷೆ ಮಾಡಿಸಬೇಕು.

ಟಿ ಇಲ್ಲ, ಎನ್‌ಕೆ ಇಲ್ಲ, ಬಿ ಇದೆ ಎಂದಿಟ್ಟುಕೊಳ್ಳಿ. ಎನ್‌ಕೆ ಕೋಶ ಬೆಳೆಯಲು ಇಂಟರ್‌ಲ್ಯೂಕಿನ್-15 ಎಂಬ ಸಂಕೇತ ಪ್ರೋಟೀನು ಬೇಕೇ ಬೇಕು. ಆ ಸಂಕೇತ ಒಳಗೆ ಹೋಗುವುದು ‘ಕಾಮನ್ ಗಾಮಾ’ ಎಂಬ ಗ್ರಾಹಕ ಸರಪಳಿ ಮತ್ತು ಜಾಕ್3 ಎಂಬ ಕಿಣ್ವದ ಮೂಲಕ, ಟಿ ಕೋಶಕ್ಕೆ ಬೇಕಾದ ಇಂಟರ್‌ಲ್ಯೂಕಿನ್-7ರ ಸಂಕೇತವೂ ಅದೇ ದಾರಿಯಲ್ಲಿ ಸಾಗುತ್ತದೆ. ಹೀಗಾಗಿ ಎರಡೂ ಒಟ್ಟಿಗೆ ಇಲ್ಲವಾಗುತ್ತವೆ. ಮೊದಲನೆಯದರ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ; ಜಾಕ್3 ದೋಷ ಹೆಣ್ಣು ಗಂಡು ಇಬ್ಬರಲ್ಲೂ ಬರಬಹುದು. ಟಿ ಮಾತ್ರ ಇಲ್ಲ, ಬಿ ಮತ್ತು ಎನ್‌ಕೆ ಎರಡೂ ಇವೆ ಎಂದಾದರೆ ಇಂಟರ್‌ಲ್ಯೂಕಿನ್-7ರ ಗ್ರಾಹಕವನ್ನು ಅನುಮಾನಿಸಬೇಕು. ಟಿ ಮತ್ತು ಬಿ ಎರಡೂ ಇಲ್ಲ, ಎನ್‌ಕೆ ಮಾತ್ರ ಉಳಿದಿದೆ ಎಂದಾದರೆ ಜೀನಿನ ತುಂಡುಗಳನ್ನು ಕತ್ತರಿಸಿ ಜೋಡಿಸುವ ರ್‍ಯಾಗ್1, ರ್‍ಯಾಗ್2 ಮುಂತಾದ ಕಿಣ್ವಗಳ ಕಡೆಗೆ ನೋಡಬೇಕು. ಎನ್‌ಕೆ ಕೋಶಕ್ಕೆ ಆ ಕತ್ತರಿಸುವ ಕೆಲಸವೇ ಬೇಡವಾದ್ದರಿಂದ ಅದು ಮಾತ್ರ ಸುರಕ್ಷಿತವಾಗಿ ಉಳಿದಿರುತ್ತದೆ. ಮೂರೂ ಇಲ್ಲವೆಂದರೆ ಎಡಿಎ ಎಂಬ ಕಿಣ್ವದ ಕೊರತೆ ಇರಬಹುದು. ಅದಿಲ್ಲದಾಗ ಸೇರಿಕೊಳ್ಳುವ ವಿಷವಸ್ತುಗಳು ಎಲ್ಲ ಬಗೆಯ ಲಿಂಫೋಸೈಟ್‌ಗಳನ್ನೂ ಕೊಲ್ಲುತ್ತವೆ.

ಟಿ ಕೋಶಗಳು ಸ್ವಲ್ಪ ಕಂಡವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಹೆರಿಗೆಗೆ ಮುನ್ನ ತಾಯಿಯಿಂದ ದಾಟಿ ಬಂದ ಟಿ ಕೋಶಗಳು ಮಗುವಿನ ರಕ್ತದಲ್ಲಿ ಉಳಿದು ಎಣಿಕೆಯನ್ನು ಮರೆಮಾಚಬಲ್ಲವು. ಅಂತಿಮ ಉತ್ತರ ಜೀನ್ ಪರೀಕ್ಷೆಯಿಂದಲೇ ಬರಬೇಕು.

ಸಾಮರ್ಥ್ಯದ ವರದಿಯನ್ನು ಓದುವುದು

ಈ ಪರೀಕ್ಷೆಯಲ್ಲಿ ರೋಗಿಯ ರಕ್ತದಿಂದ ಬೇರ್ಪಡಿಸಿದ ಕೋಶಗಳನ್ನು ಕೆ562 ಎಂಬ ಲ್ಯುಕೇಮಿಯಾ ಕೋಶಗಳ ಜೊತೆ ಸಾಮಾನ್ಯವಾಗಿ ನಾಲ್ಕು ಗಂಟೆ ಇಡುತ್ತಾರೆ. ಕೆ562 ಕೋಶಗಳಲ್ಲಿ ಎಚ್‌ಎಲ್‌ಎ ಒಂದನೇ ವರ್ಗ ಇಲ್ಲವಾದ್ದರಿಂದ ಆರೋಗ್ಯವಂತ ಎನ್‌ಕೆ ಕೋಶಗಳು ಅವುಗಳನ್ನು ಚೆನ್ನಾಗಿ ಕೊಲ್ಲುತ್ತವೆ. ಗುರಿಕೋಶಗಳಲ್ಲಿ ಮೊದಲೇ ತುಂಬಿಟ್ಟ ಕ್ರೋಮಿಯಂ-51 ಎಷ್ಟು ಹೊರಬಂತು ಎಂದು ಅಳೆಯುವುದು ಹಳೆಯ ವಿಧಾನ. ಈಗ ಹೊಳೆಯುವ ಬಣ್ಣ ಬಳಸಿ ಫ್ಲೋ ಸೈಟೋಮೆಟ್ರಿಯಲ್ಲಿ ನೋಡುವುದೂ ಸಾಮಾನ್ಯವಾಗಿದೆ. ಎನ್‌ಕೆ ಕೋಶಗಳಿಲ್ಲದೆಯೇ ತಾನಾಗಿ ಹೊರಬಂದದ್ದನ್ನು ಕಳೆದು, ಗರಿಷ್ಠ ಎಷ್ಟು ಬರಬಹುದಿತ್ತೋ ಅದರ ಪಾಲಾಗಿ ಲೆಕ್ಕ ಹಾಕುತ್ತಾರೆ. ತಾನಾಗಿ ಬಂದದ್ದು 400, ಗರಿಷ್ಠ 2,400, ಪರೀಕ್ಷೆಯಲ್ಲಿ ಬಂದದ್ದು 1,200 ಎಂದಾದರೆ, 800ನ್ನು 2,000ದಿಂದ ಭಾಗಿಸಿದಾಗ 40 ಪ್ರತಿಶತ.

ವರದಿಯಲ್ಲಿ 50:1, 25:1, 12.5:1 ಎಂಬ ಅನುಪಾತಗಳಿದ್ದರೆ ಅವು ರೋಗಿಯ ಕೋಶಗಳಿಗೂ ಗುರಿಕೋಶಗಳಿಗೂ ಇರುವ ಪ್ರಮಾಣ. ಅನುಪಾತ ಇಳಿದಂತೆ ಕೊಲ್ಲುವ ಪ್ರಮಾಣವೂ ಇಳಿಯಬೇಕು. ಹಾಗಾಗದಿದ್ದರೆ ಪರೀಕ್ಷೆಯಲ್ಲೇ ಏನೋ ತೊಡಕಿದೆ. ಅದೇ ದಿನ ಆರೋಗ್ಯವಂತರೊಬ್ಬರ ರಕ್ತವನ್ನೂ ಜೊತೆಗೆ ಪರೀಕ್ಷಿಸಿದ್ದಾರೆಯೇ ಎಂಬುದನ್ನು ಗಮನಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ವರದಿಯ ಪಕ್ಕದಲ್ಲಿ ಎಣಿಕೆಯ ವರದಿಯನ್ನೂ ಇಟ್ಟುಕೊಳ್ಳಬೇಕು. ಬೆರೆಸಿದ ಕೋಶಗಳಲ್ಲಿ ಎನ್‌ಕೆ 2 ಪ್ರತಿಶತ ಮಾತ್ರ ಇದ್ದರೆ ಕೊಂದದ್ದು ಕಡಿಮೆಯಾಗುವುದು ಸಹಜ. ಅದರಿಂದ ಕೋಶಗಳು ಅಸಮರ್ಥ ಎಂದು ಹೇಳಲಾಗದು.

ಈ ಪರೀಕ್ಷೆಯನ್ನು ಹೆಚ್ಚಾಗಿ ಕೇಳುವುದು ಎಚ್‌ಎಲ್‌ಎಚ್ ಎಂಬ ಕಾಯಿಲೆಯ ಅನುಮಾನ ಬಂದಾಗ. ಜ್ವರ ಇಳಿಯುವುದಿಲ್ಲ, ಗುಲ್ಮ ದೊಡ್ಡದಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ರಕ್ತದಲ್ಲಿ ಫೆರಿಟಿನ್ ಎಂಬ ಪ್ರೋಟೀನು ಏರುತ್ತದೆ. ಕೊಲ್ಲುವ ಶಕ್ತಿ ಕುಂದಿದಾಗ ಉರಿಯೂತ ಏಕೆ ಹೆಚ್ಚಬೇಕು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಗುರಿಕೋಶ ಸಾಯದಿದ್ದಾಗ ಎನ್‌ಕೆ ಕೋಶವೂ, ಕೊಲ್ಲುವ ಟಿ ಕೋಶವೂ ಬಿಡಿಸಿಕೊಳ್ಳಲಾರದೆ ಅಂಟಿಕೊಂಡೇ ಇರುತ್ತವೆ, ಅಷ್ಟೂ ಹೊತ್ತು ಇಂಟರ್‌ಫೆರಾನ್ ಗಾಮಾ ಸುರಿಸುತ್ತಲೇ ಇರುತ್ತವೆ. ಅದರಿಂದ ಕೆರಳಿದ ಮ್ಯಾಕ್ರೋಫೇಜ್‌ಗಳು ದೇಹದ ರಕ್ತಕಣಗಳನ್ನೇ ನುಂಗತೊಡಗುತ್ತವೆ. 2004ರ ಅಂತರರಾಷ್ಟ್ರೀಯ ಮಾನದಂಡದ 8 ಲಕ್ಷಣಗಳಲ್ಲಿ ಎನ್‌ಕೆ ಸಾಮರ್ಥ್ಯದ ಕುಸಿತವೂ ಒಂದು. 5 ಇದ್ದರೆ ಕಾಯಿಲೆಯೆಂದು ಪರಿಗಣಿಸುತ್ತಿದ್ದರು. ನಮ್ಮಲ್ಲಿ ಡೆಂಗಿ, ಸ್ಕ್ರಬ್ ಟೈಫಸ್, ಕ್ಷಯದಂಥ ಸೋಂಕುಗಳಿಂದಲೂ ಎಚ್‌ಎಲ್‌ಎಚ್ ಉಂಟಾಗುತ್ತದೆ, ಆಗಲೂ ಸಾಮರ್ಥ್ಯ ತಾತ್ಕಾಲಿಕವಾಗಿ ಕಡಿಮೆ ಕಾಣಬಹುದು. ಅಂದರೆ ಈ ಒಂದು ಅಂಕಿಯಿಂದ ಕಾಯಿಲೆ ವಂಶದಿಂದ ಬಂದದ್ದೋ ಸೋಂಕಿನಿಂದ ಬಂದದ್ದೋ ಎಂದು ಬೇರ್ಪಡಿಸಲಾಗದು.

ಬೇರ್ಪಡಿಸಲು ಇನ್ನೆರಡು ಪರೀಕ್ಷೆಗಳು ಬೇಕು. ಕೋಶದೊಳಗೆ ಪರ್ಫೋರಿನ್ ಇದೆಯೇ ಎಂದು ಒಂದು ನೋಡುತ್ತದೆ. ಕಣಿಕೆಗಳು ಹೊರಪೊರೆಯವರೆಗೆ ಬಂದು ಬೆರೆತಾಗ ಮಾತ್ರ ಮೈಮೇಲೆ ಕಾಣುವ ಸಿಡಿ107ಎ ಎಂಬ ಗುರುತನ್ನು ಇನ್ನೊಂದು ನೋಡುತ್ತದೆ. ಪರ್ಫೋರಿನ್ ಇಲ್ಲ, ಸಿಡಿ107ಎ ಸರಿಯಾಗಿದೆ ಎಂದರೆ ಪರ್ಫೋರಿನ್ ಜೀನಿನ ದೋಷ. ಪರ್ಫೋರಿನ್ ಇದೆ, ಸಿಡಿ107ಎ ಏರುವುದಿಲ್ಲ ಎಂದರೆ ಕಣಿಕೆಗಳನ್ನು ಸಾಗಿಸುವ ಅಥವಾ ಬೆರೆಸುವ ಪ್ರೋಟೀನುಗಳ ದೋಷ. ಇಂಥ ಮಗುವಿನ ಕೂದಲನ್ನು ಒಮ್ಮೆ ಗಮನಿಸಿ. ಚರ್ಮ ಮತ್ತು ಕೂದಲಿಗೆ ಬಣ್ಣ ಕೊಡುವ ಕಣಗಳನ್ನು ಸಾಗಿಸುವ ವ್ಯವಸ್ಥೆಗೂ ಇದಕ್ಕೂ ಕೆಲವು ಪ್ರೋಟೀನುಗಳು ಸಮಾನ. ಆದ್ದರಿಂದ ಗ್ರಿಸೆಲ್ಲಿ ಎರಡನೇ ಬಗೆಯ ಕಾಯಿಲೆಯಲ್ಲಿ ಕೂದಲು ಬೆಳ್ಳಿಯಂತೆ ಹೊಳೆಯುತ್ತದೆ. ಚೆಡಿಯಾಕ್-ಹಿಗಾಶಿ ಕಾಯಿಲೆಯಲ್ಲಿ ಬಣ್ಣ ತಿಳಿಯಾಗಿರುವುದಲ್ಲದೆ, ಸಾಮಾನ್ಯ ರಕ್ತಲೇಪನದಲ್ಲೇ ಬಿಳಿ ಕಣಗಳೊಳಗೆ ದೊಡ್ಡ ದೊಡ್ಡ ಕಣಿಕೆಗಳು ಕಾಣುತ್ತವೆ. ತಾಲ್ಲೂಕು ಆಸ್ಪತ್ರೆಯ ಸೂಕ್ಷ್ಮದರ್ಶಕವೂ ಇದಕ್ಕೆ ಸಾಕು. ಎಕ್ಸ್ ವರ್ಣತಂತುವಿನ ಎರಡು ಬಗೆಯ ದೋಷಗಳು, ಎಸ್‌ಎಪಿ ಮತ್ತು ಎಕ್ಸ್‌ಐಎಪಿ, ಈ ಎರಡೂ ಪರೀಕ್ಷೆಗಳಲ್ಲಿ ಸಿಗದೆ ಹೋಗಬಹುದು. ಗಂಡುಮಗುವಾಗಿದ್ದರೆ ಅವುಗಳನ್ನು ಬೇರೆಯಾಗಿ ಕೇಳಬೇಕು. ಮಗುವಿನ ಸ್ಥಿತಿ ಗಂಭೀರವಾಗಿದ್ದರೆ ವರದಿಗಾಗಿ ಕಾಯುತ್ತಾ ಚಿಕಿತ್ಸೆಯನ್ನು ತಡಮಾಡಬಾರದು.

ಮನೆಯಲ್ಲಿ ಮುಂದಿನ ಮಗು ಬರುವುದಿದ್ದರೆ

ಈ ಕಾಯಿಲೆಗಳಲ್ಲಿ ಹಲವು, ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನು ಬಂದಾಗ ಕಾಣಿಸಿಕೊಳ್ಳುವಂಥವು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಕರ್ನಾಟಕದ ಅನೇಕ ಕುಟುಂಬಗಳಲ್ಲಿರುವುದರಿಂದ, ಆ ಸಂಬಂಧವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಹಿಂದೆ ಕಾರಣ ತಿಳಿಯದೆ ತೀರಿಹೋದ ಮಕ್ಕಳಿದ್ದರೆ ಅವರ ವಯಸ್ಸು, ಲಕ್ಷಣ, ಉಳಿದಿರುವ ಹಳೆಯ ವರದಿಗಳನ್ನೂ ಒಯ್ಯಿರಿ. ಹಳೆಯ ಸಿಬಿಸಿಯ ಲಿಂಫೋಸೈಟ್ ಸಂಖ್ಯೆಯೊಂದೇ ಕೆಲವೊಮ್ಮೆ ಬಹಳಷ್ಟು ಹೇಳುತ್ತದೆ. ದೋಷದ ಜೀನು ಗೊತ್ತಾಗಿದ್ದರೆ ಮುಂದಿನ ಗರ್ಭದಲ್ಲಿ ಮೊದಲೇ ಪರೀಕ್ಷಿಸಬಹುದು.

ಗೊತ್ತಾಗಿಲ್ಲದಿದ್ದರೂ ಒಂದು ಕೆಲಸವನ್ನು ಹೆರಿಗೆಗೆ ಮುನ್ನವೇ ಮಾಡಬೇಕು. ನಮ್ಮಲ್ಲಿ ಹುಟ್ಟಿದ ಕೂಡಲೇ ಬಿಸಿಜಿ ಲಸಿಕೆ ಮತ್ತು ಪೋಲಿಯೋ ಹನಿ ಕೊಡುತ್ತಾರೆ, ಎರಡರಲ್ಲೂ ಜೀವಂತ ಸೂಕ್ಷ್ಮಜೀವಿಗಳಿವೆ. ಟಿ ಕೋಶಗಳಿಲ್ಲದ ಮಗುವಿನ ಮೈಯಲ್ಲಿ ಬಿಸಿಜಿಯ ಬ್ಯಾಕ್ಟೀರಿಯಾ ಎಲ್ಲೆಡೆ ಹರಡಿ ಜೀವಕ್ಕೇ ಅಪಾಯ ತರಬಲ್ಲದು. ಮನೆಯಲ್ಲಿ ಸಿಡ್ ಇದ್ದ ಅಥವಾ ಇದ್ದಿರಬಹುದಾದ ಮಗು ಹುಟ್ಟಿದ್ದರೆ, ಹೊಸ ಮಗುವಿನ ಟಿ, ಬಿ, ಎನ್‌ಕೆ ವರದಿ ಕೈಗೆ ಬರುವವರೆಗೆ ಈ ಎರಡನ್ನೂ, ಆಮೇಲೆ ಬರುವ ರೋಟಾವೈರಸ್ ಹನಿಯನ್ನೂ ತಡೆಹಿಡಿಯುವಂತೆ ಹೆರಿಗೆ ವಾರ್ಡಿನ ವೈದ್ಯರಿಂದ ಕೇಸ್ ಶೀಟಿನಲ್ಲಿ ಬರೆಯಿಸಿಕೊಳ್ಳಿ. ಹೆಪಟೈಟಿಸ್-ಬಿ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಅದನ್ನು ಎಂದಿನಂತೆ ಹುಟ್ಟಿದ ದಿನವೇ ಹಾಕಿಸಬಹುದು.